ಗಾಯನ ಮಂಡಳಿ: ಹಲವು ಭಾಷೆಯ ಧರ್ಮಕೇಂದ್ರಕ್ಕೆ ಒಂದೇ ಧ್ವನಿ

ಕರಾವಳಿಯಿಂದ ಉದ್ಯೋಗಕ್ಕಾಗಿ ಬೆಂಗಳೂರಿಗೆ ಹೋದ ನಮ್ಮ ಕುಟುಂಬಗಳು ಈಗ ನಗರದ ಒಳಗೆ ಮಾತ್ರ ನೆಲೆಸಿಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ಭಾಗಕ್ಕೂ, ಮಗ್ಗಗಳ ಊರಾದ ದೊಡ್ಡಬಳ್ಳಾಪುರಕ್ಕೂ, ಹೊಸಕೋಟೆ, ನೆಲಮಂಗಲದ ಕಾರ್ಖಾನೆಗಳತ್ತಲೂ ಜನರು ಬಂದು ಸೇರುತ್ತಿದ್ದಾರೆ. ಇವೆಲ್ಲವೂ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದ ಊರುಗಳು. ಇಂತಹ ಕಡೆ ಕನ್ನಡ, ತಮಿಳು, ತೆಲುಗು, ಕೊಂಕಣಿ, ಮಲಯಾಳ, ಹಿಂದಿ ಮಾತನಾಡುವವರು ಒಂದೇ ಬಲಿಪೀಠದ ಮುಂದೆ ಸೇರುತ್ತಾರೆ. ಪ್ರಾರ್ಥನೆಯಲ್ಲಿ ಒಂದಾದವರು ಹಾಡಿನ ವಿಷಯ ಬಂದಾಗ ಮಾತ್ರ ಬೇರೆ ಬೇರೆಯಾಗುವುದುಂಟು. ಹಬ್ಬದ ದಿನ ಯಾರ ಭಾಷೆಯ ಹಾಡು ಎಷ್ಟು ಎಂಬ ಲೆಕ್ಕದಲ್ಲಿ ಮನಸ್ತಾಪ ಹುಟ್ಟಿ, ಕೆಲವರು ಮಂಡಳಿಗೆ ಬರುವುದನ್ನೇ ನಿಲ್ಲಿಸುತ್ತಾರೆ. ಆದ್ದರಿಂದ ಸಮೂಹ ಗಾಯನ ಜನರನ್ನು ಹೇಗೆ ಒಂದುಗೂಡಿಸುತ್ತದೆ, ಅದಕ್ಕೆ ಹೊಸ ಗೀತೆಗಳು ಹೇಗಿರಬೇಕು ಎಂಬುದನ್ನು ನಾವಿಲ್ಲಿ ಸಂಗ್ರಹವಾಗಿ ನೀಡುತ್ತಿದ್ದೇವೆ.

ಧರ್ಮಸಭೆಯ ಬೋಧನೆ

1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾಳ ಹಬ್ಬದ ದಿನ, ಪೋಪ್ ಹತ್ತನೇ ಪಿಯುಸ್ ಪವಿತ್ರ ಸಂಗೀತದ ಬಗ್ಗೆ ಆದೇಶ ಹೊರಡಿಸಿ, ಜನರೂ ಹಾಡಿನಲ್ಲಿ ಪಾಲ್ಗೊಳ್ಳುವಂತಾಗಬೇಕು ಎಂದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನೆಯ ಸಂವಿಧಾನದ ಆರನೇ ಅಧ್ಯಾಯ ಪೂರ್ತಿಯಾಗಿ ಸಂಗೀತಕ್ಕೇ ಮೀಸಲು. ಗಾಯನ ಮಂಡಳಿಗಳನ್ನು ಬೆಳೆಸಬೇಕು (114), ಆಯಾ ನಾಡಿನ ಸಂಗೀತ ಪರಂಪರೆಗೆ ತಕ್ಕ ಸ್ಥಾನ ಕೊಡಬೇಕು (119), ರಚನಕಾರರು ದೊಡ್ಡ ಮಂಡಳಿಗಳಿಗೆ ಮಾತ್ರವಲ್ಲದೆ ಸಣ್ಣ ಮಂಡಳಿಗಳಿಗೂ ಇಡೀ ಸಭೆಗೂ ಹೊಂದುವ ಗೀತೆಗಳನ್ನು ರಚಿಸಬೇಕು (121) ಎಂದು ಅದು ಹೇಳುತ್ತದೆ.

1967ರ ಮಾರ್ಚ್ 5ರ ಸೂಚನಾಪತ್ರ ಇನ್ನೂ ಸ್ಪಷ್ಟವಾಗಿದೆ. ಮಂಡಳಿಯೂ ನೆರೆದ ವಿಶ್ವಾಸಿಗಳ ಒಂದು ಭಾಗವೇ. ಜನರನ್ನು ಪೂರ್ತಿ ಬಿಟ್ಟು ಎಲ್ಲವನ್ನೂ ಮಂಡಳಿಯೇ ಹಾಡಿ ಮುಗಿಸುವುದು ಸಲ್ಲದು. ಅದೇ 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎನ್.ಬಿ.ಸಿ.ಎಲ್.ಸಿ. ಕೇಂದ್ರವು, ಗುರು ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ, ಭಾರತೀಯ ರೀತಿಯ ಆರಾಧನೆಗೆ ದಾರಿ ತೋರಿತು.

ಒಟ್ಟಿಗೆ ಹಾಡಿದಾಗ

ಒಟ್ಟಿಗೆ ಹಾಡುವವರು ಒಟ್ಟಿಗೆ ಉಸಿರಾಡುತ್ತಾರೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಯಕರ ಹೃದಯ ಬಡಿತದ ಏರಿಳಿತ ಹಾಡಿನ ಸಾಲುಗಳಿಗೆ ತಕ್ಕಂತೆ ಒಂದಕ್ಕೊಂದು ಹೊಂದಿಕೊಳ್ಳುವುದು ಕಂಡುಬಂತು. 2015ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಹಾಡುವ ತರಗತಿಗಳನ್ನು ಕರಕುಶಲ ಮತ್ತು ಬರವಣಿಗೆಯ ತರಗತಿಗಳೊಂದಿಗೆ ಏಳು ತಿಂಗಳು ಹೋಲಿಸಿ ನೋಡಿದರು. ಕೊನೆಯಲ್ಲಿ ಎಲ್ಲ ಗುಂಪುಗಳಲ್ಲೂ ಆತ್ಮೀಯತೆ ಸಮನಾಗಿಯೇ ಬೆಳೆದಿತ್ತು. ಆದರೆ ಹಾಡುವವರಲ್ಲಿ ಅದು ಬಹಳ ಬೇಗ ಮೂಡಿತ್ತು. ಹೊಸದಾಗಿ ಬಂದು ಯಾರ ಪರಿಚಯವೂ ಇಲ್ಲದ ಕುಟುಂಬಕ್ಕೆ ಬೇಕಾದದ್ದು ಇದೇ ಅಲ್ಲವೇ?

ನಮ್ಮ ನಾಡಿನ ಅನುಭವವೂ ಇದೆ. ಮಂಗಳೂರಿನಲ್ಲಿ ಮಾಂಡ್ ಸೊಭಾಣ್ ಸಂಸ್ಥೆ 2008ರ ಜನವರಿಯಲ್ಲಿ ನಡೆಸಿದ ‘ಕೊಂಕಣಿ ನಿರಂತರಿ’ಯಲ್ಲಿ ಹಲವು ತಂಡಗಳು ಸೇರಿ 40 ಗಂಟೆ ಎಡೆಬಿಡದೆ ಹಾಡಿದವು. 2022ರ ಅಕ್ಟೋಬರ್ 28ರಂದು ‘ಕೋಟಿ ಕಂಠ ಗಾಯನ’ದಲ್ಲಿ ರಾಜ್ಯದಾದ್ಯಂತ ಜನರು ಆರು ಕನ್ನಡ ಗೀತೆಗಳನ್ನು ಹಾಡಿದರು. ಅದಕ್ಕೆ ಸ್ವಲ್ಪ ಮೊದಲು, ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಸರ್ಕಾರ ನಿಗದಿಪಡಿಸಿತ್ತು. ಧಾಟಿಯ ಬಗ್ಗೆ ವರ್ಷಗಟ್ಟಲೆ ಚರ್ಚೆ ನಡೆದಿತ್ತು. ಪದ ಒಂದೇ ಇದ್ದರೆ ಸಾಲದು, ಧಾಟಿಯಲ್ಲೂ ಒಮ್ಮತ ಬೇಕು ಎಂಬ ಪಾಠ ನಮ್ಮ ಚರ್ಚುಗಳಿಗೂ ಅನ್ವಯಿಸುತ್ತದೆ.

ಹೊರದೇಶದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಫ್ರಾನ್ಸಿನ ತೇಜೆ ಸಮುದಾಯಕ್ಕೆ ಹಲವು ದೇಶಗಳ ಯುವಜನರು ಬರತೊಡಗಿದಾಗ, ಎಲ್ಲರೂ ಹಾಡಬಲ್ಲ ಗೀತೆಗಳು ಇರಲಿಲ್ಲ. ಸಂಗೀತ ರಚನಕಾರ ಜಾಕ್ ಬೆರ್ತಿಯೆ (1923–1994) ಒಂದೆರಡು ಸಾಲಿನ, ಮತ್ತೆ ಮತ್ತೆ ಹಾಡುವ ಗೀತೆಗಳನ್ನು ರಚಿಸಿಕೊಟ್ಟರು. ಜನರು ಪಲ್ಲವಿಯನ್ನು ಹಾಡುತ್ತಿರುತ್ತಾರೆ; ಅದರ ಮೇಲೆ ಒಬ್ಬರು ತಮ್ಮ ಭಾಷೆಯಲ್ಲಿ ಚರಣ ಹಾಡುತ್ತಾರೆ.

ಹೊಸ ಗೀತೆ ರಚಿಸುವವರಿಗೆ

1. ಪದ ಮೊದಲು. ಸಾಹಿತ್ಯವು ಮುಖ್ಯವಾಗಿ ಪವಿತ್ರ ಗ್ರಂಥದಿಂದ ಮತ್ತು ಆರಾಧನಾ ವಿಧಿಯಿಂದ ಬರಬೇಕು. ಬರೆದದ್ದನ್ನು ಹಾಡಿಸುವ ಮೊದಲು ಧರ್ಮಕೇಂದ್ರದ ಗುರುಗಳಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು.

2. ಕನ್ನಡದ ಹ್ರಸ್ವ ದೀರ್ಘಗಳನ್ನು ಕೆಡಿಸಬಾರದು. ಬೇರೆ ಭಾಷೆಯ ಧಾಟಿಗೆ ಕನ್ನಡ ಪದ ತುಂಬುವಾಗ ಈ ತಪ್ಪು ಹೆಚ್ಚು. ಹ್ರಸ್ವಾಕ್ಷರವನ್ನು ಎಳೆದರೆ ‘ದೇವರ ಬಲ’ ‘ದೇವರ ಬಾಲ’ವಾಗುತ್ತದೆ, ‘ವರ ನೀಡು’ ‘ವಾರ ನೀಡು’ ಆಗುತ್ತದೆ, ‘ಕೃಪೆ ಹರಿಸು’ ‘ಕೃಪೆ ಹಾರಿಸು’ ಎಂದು ಕೇಳಿಸುತ್ತದೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಇದನ್ನು ಬಹಳ ಹಿಂದೆಯೇ ಅರಿತಿದ್ದರು. 1862ರ ‘ಕಥಾಮಾಲೆ’ಯಲ್ಲಿ ಅವರು ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಬರೆದರು, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿದರು.

3. ಪಲ್ಲವಿ ಸರಳವಾಗಿರಲಿ. ಒಂದು ಸ್ಥಾಯಿಯೊಳಗೆ ಮುಗಿಯುವ, ಎರಡು ಸಲ ಕೇಳಿದರೆ ಬರುವ ಪಲ್ಲವಿ ಜನರ ಪಾಲು. ಕಷ್ಟದ ಭಾಗ ಮಂಡಳಿಗಿರಲಿ. ಕೀರ್ತನೆ ಹಾಡುವ ಕ್ರಮ ನಮಗೆ ಇದನ್ನೇ ಕಲಿಸಿದೆ.

4. ಧ್ವನಿಭಾಗಗಳಿಗೆ ಅವಸರ ಬೇಡ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ನಾಲ್ಕು ಭಾಗ ಮಾಡುವ ಮೊದಲು ಎಲ್ಲರೂ ಒಂದೇ ಶ್ರುತಿಯಲ್ಲಿ ಹಾಡಲು ಕಲಿಯಲಿ. ಐದೇ ಸ್ವರಗಳ ಮೋಹನ ರಾಗದಲ್ಲಿ ಹತ್ತಿರ ಹತ್ತಿರದ ಸ್ವರಗಳ ಘರ್ಷಣೆ ಕಡಿಮೆ. ಹಾಗಾಗಿ ಒಂದು ಗುಂಪು ಆರಂಭಿಸಿದ ಸಾಲನ್ನು ಇನ್ನೊಂದು ಗುಂಪು ತುಸು ತಡವಾಗಿ ಹಿಡಿದರೂ ಕಿವಿಗೆ ಹಿತ. ಹೊಸ ಮಂಡಳಿಗೆ ಇದು ಒಳ್ಳೆಯ ಆರಂಭ.

5. ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದಿಡಬೇಕು. ಬರೆದಿಡದ ಧಾಟಿ ಊರಿಂದ ಊರಿಗೆ ಬದಲಾಗುತ್ತದೆ.

ಧರ್ಮಕೇಂದ್ರದಲ್ಲಿ ಮಾಡಬಹುದಾದದ್ದು

ಭಾಷೆಗೊಂದು ಮಂಡಳಿ ಇರುವಲ್ಲಿ ಅವನ್ನು ಮುಚ್ಚುವ ಅಗತ್ಯವಿಲ್ಲ. ತಾಯಿನುಡಿಯಲ್ಲಿ ದೇವರನ್ನು ಸ್ತುತಿಸುವ ಹಂಬಲ ಸಹಜವಾದದ್ದು. ಆದರೆ ವರ್ಷದಲ್ಲಿ ಎರಡು ಮೂರು ಸಲ, ಕ್ರಿಸ್ಮಸ್, ಪಾಸ್ಖ ಮತ್ತು ಧರ್ಮಕೇಂದ್ರದ ಪಾಲಕರ ಹಬ್ಬಕ್ಕೆ, ಎಲ್ಲ ಮಂಡಳಿಗಳಿಂದ ಆಯ್ದವರು ಸೇರಿ ಒಂದು ಹೊಸ ಗೀತೆ ಕಲಿಯಲಿ. ಪಲ್ಲವಿ ನಾಡಿನ ಭಾಷೆಯಾದ ಕನ್ನಡದಲ್ಲಿರಲಿ, ಚರಣಗಳು ಸರದಿಯಂತೆ ಬೇರೆ ಭಾಷೆಗಳಲ್ಲಿರಲಿ. ಹಳೆಯ ಗೀತೆಯಾದರೆ ಅದು ಯಾರದೋ ಒಬ್ಬರದು. ಹೊಸ ಗೀತೆಯನ್ನು ಎಲ್ಲರೂ ಮೊದಲಿನಿಂದಲೇ ಕಲಿಯಬೇಕಾಗುತ್ತದೆ, ಅಲ್ಲಿ ಹಿರಿಯರು ಕಿರಿಯರು ಎಂಬ ಭೇದವಿಲ್ಲ. ಕನ್ನಡ ಓದಲು ಬಾರದವರಿಗೆ ಪದಗಳನ್ನು ಅವರ ಲಿಪಿಯಲ್ಲಿ ಬರೆದುಕೊಟ್ಟರೆ, ಆ ಹಾಡಿನ ಮೂಲಕವೇ ಅವರು ಕನ್ನಡದ ನಾಲ್ಕು ಮಾತು ಕಲಿಯುತ್ತಾರೆ. ಪೂಜೆಗೆ ಹತ್ತು ನಿಮಿಷ ಮೊದಲು ಪಲ್ಲವಿಯನ್ನು ಜನರಿಗೂ ಹೇಳಿಕೊಡಬೇಕು.

ಕರಾವಳಿಯ ಮಂಡಳಿಗಳಲ್ಲಿ ಹಾಡಿ ಬೆಳೆದವರು ಅಲ್ಲಿ ಅನೇಕರಿದ್ದಾರೆ. ನಮ್ಮ ಹಾಡು ಇಲ್ಲಿಲ್ಲ ಎಂದು ಹಿಂದಿನ ಬೆಂಚಿನಲ್ಲಿ ಕೂರುವ ಬದಲು, ಕಲಿತದ್ದನ್ನು ಹೊಸ ಊರಿನ ಮಂಡಳಿಗೆ ಧಾರೆಯೆರೆಯಲಿ ಎಂಬುದು ನಮ್ಮ ಕೋರಿಕೆ. ಶನಿವಾರದ ಒಂದು ಗಂಟೆಯ ಅಭ್ಯಾಸ ಸಾಕು, ಭಾನುವಾರ ಪಕ್ಕದಲ್ಲಿ ನಿಂತವರ ಹೆಸರು ಗೊತ್ತಿರುತ್ತದೆ.