ಫೇರ್‌ಟ್ರೇಡ್ ಕಾಫಿ

ಸಣ್ಣ ಬೆಳೆಗಾರರ ಸಹಕಾರ ಸಂಘಗಳಿಂದ, ಮೊದಲೇ ನಿಗದಿಯಾದ ಕನಿಷ್ಠ ಬೆಲೆಗಿಂತ ಕಡಿಮೆಯಾಗದಂತೆ ಖರೀದಿಸಿ, ಪ್ರಮಾಣೀಕೃತ ಮುದ್ರೆಯೊಂದಿಗೆ ಮಾರುವ ಕಾಫಿ. ಇಂಥ ಮುದ್ರೆ ಮೊದಲು ಕಾಣಿಸಿಕೊಂಡದ್ದು 1988ರಲ್ಲಿ, ನೆದರ್ಲೆಂಡ್ಸ್‌ನಲ್ಲಿ. ಅದರ ಬೇರು ಇರುವುದು ಮೆಕ್ಸಿಕೋದ ಓಹಾಕಾ ಬೆಟ್ಟಗಳಲ್ಲಿ.

ಅಲ್ಲಿನ ಝಪೊಟೆಕ್ ಮತ್ತಿತರ ಮೂಲನಿವಾಸಿ ರೈತರು ತುಂಡು ಜಮೀನಿನಲ್ಲಿ ಕಾಫಿ ಬೆಳೆಯುತ್ತಿದ್ದರು. ಹಣ್ಣು ಕೊಯ್ದು, ಸಿಪ್ಪೆ ಬಿಡಿಸಿ, ತೊಳೆದು, ಬಿಸಿಲಲ್ಲಿ ಒಣಗಿಸುವ ದುಡಿಮೆಯೆಲ್ಲ ಅವರದು; ಬೆಲೆ ಹೇಳುವವನು ಮಾತ್ರ ದಲ್ಲಾಳಿ. ಅವನನ್ನು ದಾಟಲೆಂದೇ 1980ರ ದಶಕದ ಆರಂಭದಲ್ಲಿ ಅವರು ಯುಸಿರಿ ಎಂಬ ಸಹಕಾರ ಸಂಘ ಕಟ್ಟಿದರು. ಅವರ ನಡುವೆಯೇ ಬದುಕುತ್ತಿದ್ದ ಡಚ್ ಪಾದ್ರಿ ಫ್ರಾನ್ಸ್ ವಾನ್ ಡೆರ್ ಹಾಫ್, ಸಾಲಿಡರಿಡಾಡ್ ಸಂಸ್ಥೆಯ ನಿಕೊ ರೋಜನ್ ಜತೆಗೂಡಿ ‘ಮ್ಯಾಕ್ಸ್ ಹಾವೆಲಾರ್’ ಮುದ್ರೆಯನ್ನು ರೂಪಿಸಿದರು. ಹೆಸರು 1860ರ ಡಚ್ ಕಾದಂಬರಿಯದು. ಜಾವಾದ ರೈತರ ಮೇಲಿನ ವಸಾಹತುಶಾಹಿ ಶೋಷಣೆಯನ್ನು ಅದು ಬಯಲಿಗೆಳೆದಿತ್ತು.

ಮುದ್ರೆ ಬಂದ ಮರುವರ್ಷವೇ, ದರವನ್ನು ಹಿಡಿದಿಟ್ಟಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದುಬಿದ್ದು ಬೆಲೆ ನೆಲಕಚ್ಚಿತು. ಕನಿಷ್ಠ ಬೆಲೆಯ ಬೆಲೆ ಗೊತ್ತಾದದ್ದು ಆಗ.

2023ರ ಆಗಸ್ಟ್‌ನಲ್ಲಿ ತೊಳೆದ ಅರೇಬಿಕಾದ ಕನಿಷ್ಠ ಬೆಲೆಯನ್ನು ಪೌಂಡಿಗೆ 1.80 ಡಾಲರ್‌ಗೆ ಏರಿಸಲಾಯಿತು. ಮಾರುಕಟ್ಟೆ ದರ ಅದಕ್ಕಿಂತ ಹೆಚ್ಚಿದ್ದರೆ ಆ ದರವೇ ಸಲ್ಲಬೇಕು. ಇದರ ಮೇಲೆ 20 ಸೆಂಟ್ ಪ್ರೀಮಿಯಂ ಉಂಟು. ಅದರಲ್ಲಿ ಕನಿಷ್ಠ 5 ಸೆಂಟ್ ಗುಣಮಟ್ಟ ಮತ್ತು ಇಳುವರಿಗೆ ಮೀಸಲು. ಉಳಿದದ್ದು ಶಾಲೆಗೋ, ರಸ್ತೆಗೋ, ಸದಸ್ಯರೇ ಸಭೆ ಸೇರಿ ತೀರ್ಮಾನಿಸುತ್ತಾರೆ. ಈ ಅಧಿಕಾರವೇ ವ್ಯವಸ್ಥೆಯ ದೊಡ್ಡ ಶಕ್ತಿ.

ಕೊರತೆಗಳೂ ಇವೆ. ಪ್ರಮಾಣಪತ್ರದ ಶುಲ್ಕ ಸಣ್ಣ ಸಂಘಗಳಿಗೆ ಭಾರ. ಕೊಳ್ಳುವವರು ಸಾಲದೆ, ಪ್ರಮಾಣೀಕೃತ ಫಸಲಿನ ಬಹುಪಾಲು ಎಷ್ಟೋ ಕಡೆ ಸಾಮಾನ್ಯ ದರಕ್ಕೇ ಮಾರಾಟವಾಗುತ್ತದೆ. ಕೊಯ್ಲಿಗೆ ಬರುವ ಕೂಲಿಯಾಳುಗಳಿಗೆ ಲಾಭ ತಲುಪುವುದು ಇನ್ನೂ ಕಡಿಮೆ.