ಸೊಂಟದ ಶಸ್ತ್ರಚಿಕಿತ್ಸೆಯ ಬಳಿಕ ವೃದ್ಧರನ್ನು ಕಾಡುವ ಖಿನ್ನತೆ

ಬಚ್ಚಲುಮನೆಯಲ್ಲಿ ಕಾಲು ಜಾರುವುದು, ಹೊಸ್ತಿಲು ಎಡವುವುದು, ನಡುರಾತ್ರಿ ಎದ್ದಾಗ ಆಯ ತಪ್ಪುವುದು: ಇಳಿವಯಸ್ಸಿನಲ್ಲಿ ಸೊಂಟದ ಮೂಳೆ ಮುರಿಯಲು ಇಷ್ಟು ಸಾಕು. ಆಸ್ಟಿಯೊಪೊರೋಸಿಸ್‌ನಿಂದ ಮೂಳೆ ಟೊಳ್ಳಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಮುಟ್ಟು ನಿಂತ ಮಹಿಳೆಯರಲ್ಲಿ ಇದು ಹೆಚ್ಚು.

ಮುರಿತದ ಸ್ಥಾನವನ್ನು ಅನುಸರಿಸಿ ವೈದ್ಯರು ಸ್ಕ್ರೂ ಅಥವಾ ಲೋಹದ ಸರಳು ಅಳವಡಿಸುತ್ತಾರೆ. ಇಲ್ಲವೇ ತೊಡೆಮೂಳೆಯ ತಲೆಯ ಭಾಗವನ್ನೇ ಬದಲಿಸುತ್ತಾರೆ. ಸಾಧ್ಯವಾದರೆ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಆದರೆ ಮನೆಗೆ ಬಂದ ಮೇಲೆ ಅನೇಕ ರೋಗಿಗಳು ಹಾಸಿಗೆ ಬಿಟ್ಟೇಳುವುದಿಲ್ಲ. ಎಕ್ಸ್‌-ರೇ ಸರಿಯಿದೆ, ಗಾಯ ಒಣಗಿದೆ, ಆದರೂ ನಡೆಯಲೊಲ್ಲರು. ಮನೆಯವರು ಇದನ್ನು ಹಟವೆಂದೋ ಸೋಮಾರಿತನವೆಂದೋ ಭಾವಿಸುವುದೇ ಹೆಚ್ಚು. ಇದು ಖಿನ್ನತೆಯೂ ಆಗಿರಬಹುದು.

ಕಾರಣಗಳನ್ನು ದೂರ ಹುಡುಕಬೇಕಿಲ್ಲ. ನಿನ್ನೆಯವರೆಗೆ ತಾವೇ ಹೂ ಕೊಯ್ದು ದೇವರ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ ಅಜ್ಜಿಗೆ, ಕೀಲು ಬದಲಿಸಿದ ಮೇಲೆ ನೆಲದ ಮೇಲೆ ಕೂರಬಾರದು, ಕುಕ್ಕರಗಾಲಿನಲ್ಲಿ ಕೂರಬಾರದು ಎಂಬ ಸೂಚನೆ ಸಿಗುತ್ತದೆ. ಭಾರತೀಯ ಶೈಲಿಯ ಶೌಚಾಲಯ ಮಾತ್ರವಿರುವ ಮನೆಯಲ್ಲಿ ಇದರರ್ಥವೇನೆಂದು ಯೋಚಿಸಬೇಕು. ಮಲಮೂತ್ರಕ್ಕೂ ಮಗನದೋ ಸೊಸೆಯದೋ ಕೈ ಕಾಯಬೇಕು. ಆ ಸಂಕೋಚಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರಿದ್ದಾರೆ. ಕಮೋಡ್ ಕುರ್ಚಿಯೊಂದನ್ನು ತರುವುದು ಮನಸ್ಸಿಗೂ ಚಿಕಿತ್ಸೆಯೇ ಸರಿ. ಇದರ ಜತೆಗೆ ನೋವು, ಮತ್ತೆ ಬಿದ್ದೇನೆಂಬ ಭಯ, ಚಿಕಿತ್ಸೆಯ ವೆಚ್ಚದ ಕುರಿತ ಕೊರಗು ಸೇರಿಕೊಳ್ಳುತ್ತವೆ.

ವೃದ್ಧರು ಬೇಸರವಾಗಿದೆ ಎಂದು ಬಾಯಿಬಿಟ್ಟು ಹೇಳುವುದು ವಿರಳ. ಊಟ ಸೇರದು, ಬೆಳಗಿನ ಜಾವಕ್ಕೇ ಎಚ್ಚರ, ಮೈಯೆಲ್ಲ ನೋವು ಎನ್ನುತ್ತಾರೆ. ಫಿಸಿಯೊಥೆರಪಿಸ್ಟ್ ಬಂದರೆ ಮುಖ ತಿರುಗಿಸುತ್ತಾರೆ. ಇಂತಹ ಲಕ್ಷಣಗಳು ಎರಡು ವಾರ ಮೀರಿದರೆ ತಪಾಸಣೆ ಅಗತ್ಯ. ಹೌದು-ಇಲ್ಲ ಎಂದು ಉತ್ತರಿಸುವ 15 ಪ್ರಶ್ನೆಗಳ ವೃದ್ಧಾಪ್ಯ ಖಿನ್ನತಾ ಮಾಪಕ ಇದಕ್ಕೆ ನೆರವಾಗುತ್ತದೆ. ಆದರೆ ಅಂಕವೊಂದೇ ರೋಗನಿರ್ಣಯವಲ್ಲ. ‘ಸತ್ತರೆ ಸಾಕು’ ಎಂಬ ಮಾತನ್ನು ಮಾತ್ರ ವಯಸ್ಸಾದವರ ಮಾಮೂಲಿ ಗೊಣಗಾಟವೆಂದು ತಳ್ಳಿಹಾಕದೆ ತಕ್ಷಣ ವೈದ್ಯರಿಗೆ ತಿಳಿಸಬೇಕು.

ಇಲ್ಲೊಂದು ಎಚ್ಚರಿಕೆ. ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ರೋಗಿ ಮಂಕಾಗಿ ಮಲಗಿದ್ದು, ಸಂಜೆಯಾದಂತೆ ಗೊಂದಲ ಹೆಚ್ಚುತ್ತಿದ್ದರೆ ಅದು ಖಿನ್ನತೆಯಲ್ಲ, ಸನ್ನಿಯಿರಬಹುದು. ಸೋಂಕು, ಸೋಡಿಯಂ ಏರುಪೇರು, ಔಷಧಗಳ ಪ್ರಭಾವದಿಂದ ಬರುವ ಇದಕ್ಕೆ ತುರ್ತು ಚಿಕಿತ್ಸೆ ಬೇಕು. ಥೈರಾಯ್ಡ್ ಮತ್ತು ಬಿ12 ಕೊರತೆಯೂ ಖಿನ್ನತೆಯ ವೇಷದಲ್ಲಿ ಬರುವುದುಂಟು.

ಚಿಕಿತ್ಸೆಯಲ್ಲಿ ನೋವು ನಿವಾರಣೆ, ವ್ಯಾಯಾಮ ಹಾಗೂ ಆಪ್ತಸಮಾಲೋಚನೆ ಒಟ್ಟಿಗೆ ಸಾಗಬೇಕು. ಅಗತ್ಯವಿದ್ದರೆ ಸರ್ಟ್ರಲೀನ್, ಎಸ್ಸಿಟಲೊಪ್ರಾಮ್‌ನಂತಹ ಮಾತ್ರೆಗಳನ್ನು ಅಲ್ಪ ಪ್ರಮಾಣದಲ್ಲಿ ಆರಂಭಿಸುತ್ತಾರೆ. ಅವುಗಳ ಪರಿಣಾಮ ಕಾಣಲು ಕೆಲವು ವಾರಗಳೇ ಬೇಕು. ವೃದ್ಧರಲ್ಲಿ ಇವು ರಕ್ತದ ಸೋಡಿಯಂ ಇಳಿಸಬಹುದು, ರಕ್ತಸ್ರಾವದ ಹಾಗೂ ಬೀಳುವ ಅಪಾಯ ಹೆಚ್ಚಿಸಬಹುದು. ಆದ್ದರಿಂದ ರಕ್ತ ಹೆಪ್ಪುಗಟ್ಟದಂತೆ ಔಷಧ ಪಡೆಯುತ್ತಿರುವವರು ಅದನ್ನು ಮುಂಚಿತವಾಗಿ ತಿಳಿಸಬೇಕು. ಔಷಧದಂಗಡಿಯಿಂದ ತಾವೇ ನಿದ್ರೆಮಾತ್ರೆ ತಂದು ಕೊಡುವ ಅಭ್ಯಾಸವಂತೂ ತೀರಾ ಅಪಾಯಕಾರಿ. ಅದರ ಮಂಪರಿನಲ್ಲಿ ಎದ್ದು ನಡೆದರೆ ಇನ್ನೊಂದು ಸೊಂಟವೂ ಮುರಿದೀತು.

ಮನೆಯವರು ಮಾಡಬಹುದಾದದ್ದೂ ಇದೆ. ಮಂಚವನ್ನು ಒಳಕೋಣೆಯಿಂದ ಪಡಸಾಲೆಗೆ ತಂದರೆ ಬಂದುಹೋಗುವವರ ಮಾತು ಕಿವಿಗೆ ಬೀಳುತ್ತದೆ. ಅವರೆಕಾಳು ಸುಲಿಯುವುದೋ ಹೂ ಕಟ್ಟುವುದೋ, ಕುಳಿತೇ ಮಾಡುವ ಕೆಲಸವೊಂದನ್ನು ಅವರಿಗೇ ಬಿಡಬಹುದು. ಕನ್ನಡಕ, ಶ್ರವಣಸಾಧನ ಕೈಗೆಟಕುವಂತಿರಲಿ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಉಚಿತ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರವಾಗಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು. ರೋಗಿಯ ಪರವಾಗಿ ಆರೈಕೆ ಮಾಡುವವರೂ ಕರೆ ಮಾಡಬಹುದು.