ವೆರೆಕುಂಡುಸ್ ಯಾರು? ಪೊಂಪೇಯ ಒಂದು ಬೀದಿಗೋಡೆ

ಶಾಸನ ಓದುವ ನಮಗೆ ಒಂದು ಹೆಸರು ಸಿಕ್ಕರೆ ಸಾಕು, ಉಳಿದ ಕಥೆಯನ್ನು ನಾವೇ ಹೆಣೆದುಬಿಡ್ತೀವಿ. ಪೊಂಪೇಯ ವಿಯಾ ದೆಲ್ ಅಬ್ಬೊಂದಾನ್ಸಾ ಬೀದಿಯಲ್ಲಿರುವ ಒಂದು ಅಂಗಡಿಯ ಮುಂಗೋಡೆಯಲ್ಲಿ ಹೀಗೇ ಆಗಿದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಡಿ ಹೂತಿದ್ದ ಈ ಬೀದಿಯನ್ನು 20ನೇ ಶತಮಾನದ ಆರಂಭದಲ್ಲಿ ವಿತ್ತೋರಿಯೊ ಸ್ಪಿನಾತ್ಸೋಲಾ ಅಗೆಸಿದರು. ಬಯಲಿಗೆ ಬಂದಮೇಲೆ ಬಣ್ಣ ಮಾಸುತ್ತಾ ಬಂತು.

ಬಾಗಿಲಿನ ಒಂದು ಪಕ್ಕದಲ್ಲಿ, ಮೇಲ್ಗಡೆ, ಊರಿನ ಅಧಿದೇವತೆ ವೀನಸ್. ಅವಳ ರಥ ಎಳೆಯುತ್ತಿರೋದು ನಾಲ್ಕು ಆನೆಗಳು! ಕೆಳಗೆ ಕಾರ್ಖಾನೆ: ಇಕ್ಕೆಲದಲ್ಲಿ ಗಿಡ್ಡ ಮೇಜುಗಳ ಮುಂದೆ ಕೂತು ಉಣ್ಣೆ ಬಾಚುವವರು, ನಡುವೆ ಒಲೆಯ ಸುತ್ತ ಬರಿಮೈಯ ನಾಲ್ವರು. ಬಣ್ಣ ಹಾಕುತ್ತಿದ್ದಾರೆ ಅಂತ ಮೊದಲ ನೋಟಕ್ಕೆ ಅನ್ನಿಸಬಹುದು. ಆದರೆ ಉಣ್ಣೆಯನ್ನು ಬಿಸಿಯಲ್ಲಿ ಒತ್ತಿ ನೇಯದೆಯೇ ಬಟ್ಟೆ ಮಾಡುವ ಕೆಲಸ, ಅಂದರೆ ಫೆಲ್ಟ್ ತಯಾರಿಕೆ, ಅನ್ನೋದೇ ಹೆಚ್ಚು ಸರಿ. ವೆಟ್ಟಿಯುಸ್ ಫಿರ್ಮುಸ್‌ನನ್ನು ಈಡೈಲ್ ಹುದ್ದೆಗೆ ಆರಿಸಿ ಎಂದು ಕೇಳುವ ಚುನಾವಣಾ ಬರಹವೊಂದರಲ್ಲಿ 'ಕ್ವಾಕ್ಟಿಲಿಯಾರಿ', ಅಂದರೆ ಫೆಲ್ಟ್ ಕೆಲಸದವರು, ಅನ್ನೋ ಮಾತು ಬಂದಿದೆ. ಈ ಕಸುಬಿನವರು ಪೊಂಪೇಯಲ್ಲಿ ಒಟ್ಟಾಗಿ ಮಾತಾಡುತ್ತಿದ್ದರು ಅಂತಾಯ್ತು.

ಬಲತುದಿಯಲ್ಲಿ ಮೈತುಂಬ ಬಟ್ಟೆ ಉಟ್ಟ ಒಬ್ಬ, ಸಿದ್ಧವಾದ ಬಟ್ಟೆಯನ್ನು ಎತ್ತಿ ತೋರಿಸುತ್ತಿದ್ದಾನೆ. ಅವನ ಕೆಳಗೆ 'ವೆರೆಕುಂಡುಸ್' ಎಂಬ ಬರಹ. ತೊಡಕು ಇಲ್ಲಿಂದ ಶುರು. ಪೊಂಪೇಯಲ್ಲೇ ಸಿಕ್ಕ ಮತ್ತೊಂದು ಗೀಚುಬರಹದಲ್ಲಿ ಮಾರ್ಕುಸ್ ವೆಸಿಲಿಯುಸ್ ವೆರೆಕುಂಡುಸ್ ಎಂಬ ಬಟ್ಟೆ ವ್ಯಾಪಾರಿ ಇದ್ದಾನೆ. ಇಬ್ಬರೂ ಒಬ್ಬನೇ ಅಂತ ಹೇಳಿಬಿಡೋದು ಸುಲಭ. ಕಸುಬು ಹತ್ತಿರದ್ದೇ, ನಿಜ. ಆದರೆ ವೆರೆಕುಂಡುಸ್ ಅಂದರೆ 'ಸಂಕೋಚದವನು'. ರೋಮನ್ನರಲ್ಲಿ ಅಪರೂಪದ ಹೆಸರೇನಲ್ಲ. ಹಾಗಾಗಿ ನನಗೆ ಇದು ಸಾಧ್ಯತೆ, ಅಷ್ಟೆ. ಅವನು ಮಾಲೀಕ ಅನ್ನೋದನ್ನು ಮಾತ್ರ ಒಪ್ಪಬಹುದು: ನಿಲುವು, ಉಡುಗೆ, ಹೆಸರು ಮೂರೂ ಒಂದೇ ಕಡೆ ಬೆರಳು ಮಾಡುತ್ತವೆ.

ಬಾಗಿಲಿನ ಇನ್ನೊಂದು ಪಕ್ಕದಲ್ಲಿ ಹಣದ ಚೀಲ ಹಿಡಿದ ಮರ್ಕ್ಯುರಿ. ಅವನ ಕೆಳಗೆ ಮೇಜಿನ ಹಿಂದೆ ಕೂತು ಪಾದರಕ್ಷೆ ಮಾರುವ ಹೆಂಗಸು. ವೆರೆಕುಂಡುಸನ ಹೆಂಡತಿ ಇರಬೇಕು ಅಂತ ಊಹಿಸಿದವರಿದ್ದಾರೆ. ಗೋಡೆ ಹಾಗೇನೂ ಹೇಳಲ್ಲ. ವೀರಗಲ್ಲನ್ನು ಕೆಳಗಿಂದ ಮೇಲಕ್ಕೆ ಒಂದೇ ಕಥೆಯಾಗಿ ಓದಿ ರೂಢಿಯಾದ ನಾವು ಇಲ್ಲಿ ಕೊಂಚ ತಡೆಯಬೇಕು. ಇವು ಅಕ್ಕಪಕ್ಕದ ಚಿತ್ರಗಳು, ಒಂದೇ ಕಥೆಯ ಹಂತಗಳಲ್ಲ. ಅವಳ ಹೆಸರನ್ನು ಯಾರೂ ಬರೆದಿಲ್ಲ, ಒಲೆಯ ಸುತ್ತಲಿನ ನಾಲ್ವರದೂ ಅಷ್ಟೇ.